ಊರು ಮುಂದೆ ಹೋಯಿತಾ? ವರ್ಷದ ಲೆಕ್ಕ ಕೇಳುವ ಬಗೆ

ಊರಿನ ವರ್ಷದ ಪ್ರಗತಿಯನ್ನು ಅಳೆಯುವುದು ಹೇಗೆ ಎಂದು ಕೇಳಿ ಕಾಸರಗೋಡಿನ ಬೇರೆ ಬೇರೆ ಊರುಗಳಿಂದ ಓದುಗರು ಬರೆದಿದ್ದಾರೆ. ಪಂಚಾಯತು ಕಚೇರಿಗಳಲ್ಲಿ ಹಲವು ವರ್ಷ ಕೆಲಸ ಮಾಡಿ ನಿವೃತ್ತರಾದವರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಊರಿನ ಒಂದು ವರ್ಷದ ಪ್ರಗತಿಯ ಬಗ್ಗೆ ಸಣ್ಣ ಪುಸ್ತಕ ತರಬೇಕೆಂದಿದ್ದೇವೆ. ಯಾವ ಯಾವ ರಸ್ತೆ ಉದ್ಘಾಟನೆ ಆಯಿತು ಅಂತ ಬರೆದರೆ ಸಾಕಾ? ಸರಿಯಾದ ಲೆಕ್ಕ ಎಲ್ಲಿ ಸಿಗುತ್ತದೆ? (ಬದಿಯಡ್ಕದ ಯುವಕ)

ತುಂಬಾ ಒಳ್ಳೆಯ ಕೆಲಸ ಹಿಡಿದಿದ್ದೀರಿ. ನಿಮ್ಮ ಪಂಚಾಯತಿಗೆ ಕಯ್ಯಾರ ಕಿಞ್ಞಣ್ಣ ರೈಗಳು ಅಧ್ಯಕ್ಷರಾಗಿದ್ದರು. ಕವಿತೆ ಬರೆದ ಕೈಯಲ್ಲೇ ಪಂಚಾಯತಿನ ಕಡತಕ್ಕೂ ಸಹಿ ಹಾಕಿದವರು ಅವರು. ಅಂಥ ಊರಿನ ಹುಡುಗರು ಊರಿನ ಲೆಕ್ಕ ಬರೆಯಲು ಹೊರಟದ್ದು ನನಗೆ ನಿಜವಾಗಿ ಖುಷಿ.

ಲೆಕ್ಕ ಸಿಗುವ ಮೊದಲ ಜಾಗ ಗ್ರಾಮಸಭೆ. 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ ಇದೆ. ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರು. ವರ್ಷದ ಮೊದಲ ಸಭೆಯಲ್ಲಿ ಪಂಚಾಯತು ಒಂದು ವರದಿ ಇಡಲೇಬೇಕು. ಕಳೆದ ವರ್ಷ ಆ ವಾರ್ಡಿನಲ್ಲಿ ಏನು ಕೆಲಸ ಆಯಿತು, ಎಷ್ಟು ಖರ್ಚಾಯಿತು, ಈ ವರ್ಷ ಏನು ಮಾಡುತ್ತಾರೆ ಎಂಬುದೆಲ್ಲ ಅದರಲ್ಲಿರಬೇಕು. ವಾರ್ಷಿಕ ಲೆಕ್ಕಪತ್ರ ಮತ್ತು ಆಡಳಿತ ವರದಿಯನ್ನೂ ಇಡಬೇಕು. ಇದೆಲ್ಲ ನಿಮ್ಮ ಎದುರಿಗೆ ಬರಬೇಕಾದ ಕಾಗದ. ಯಾರ ಕೈಕಾಲು ಹಿಡಿಯುವ ಅಗತ್ಯವೂ ಇಲ್ಲ. ಸಭೆಯಲ್ಲಿ ಸಿಗದಿದ್ದರೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಮಾಹಿತಿ ಹಕ್ಕಿನ ಅರ್ಜಿ ಕೊಡಿ, 30 ದಿನದೊಳಗೆ ಉತ್ತರ ಬರಬೇಕು. ಪಂಚಾಯತಿನ ಲೆಕ್ಕ ತಪಾಸಣೆ ಮಾಡುವ ಲೋಕಲ್ ಫಂಡ್ ಆಡಿಟ್‌ನವರ ವರದಿಯನ್ನೂ ಬಿಡಬೇಡಿ. ಓದಲು ಒಣಕಲು ಅನಿಸಬಹುದು, ಆದರೆ ಎಲ್ಲಿ ಏನು ಅರ್ಧಕ್ಕೆ ನಿಂತಿದೆ ಎಂದು ಅದರಷ್ಟು ಸ್ಪಷ್ಟವಾಗಿ ಹೇಳುವ ಕಾಗದ ಇನ್ನೊಂದಿಲ್ಲ.

ಇನ್ನು ಉದ್ಘಾಟನೆಯ ಪಟ್ಟಿ ಸಾಕಾ ಎಂಬ ಮಾತು. ಸಾಲದು. ನಾನು ಕೆಲಸಕ್ಕಿದ್ದ ಒಂದು ಪಂಚಾಯತಿನಲ್ಲಿ ಗುಡ್ಡೆಯ ಮೇಲೊಂದು ಕುಡಿಯುವ ನೀರಿನ ಟ್ಯಾಂಕ್ ಕಟ್ಟಿದೆವು. ಪೈಪ್ ಹಾಕಿದೆವು, ಪಂಪ್ ಬಂತು, ವರದಿಯಲ್ಲಿ ‘ಪೂರ್ಣ’ ಎಂದು ಬರೆದದ್ದೂ ಆಯಿತು. ಪಂಪಿಗೆ ಕರೆಂಟ್ ಕನೆಕ್ಷನ್ ಮಾತ್ರ ಆಗಿರಲಿಲ್ಲ. ಆ ಬೇಸಗೆ ಪೂರ್ತಿ ಅಲ್ಲಿನ ಹೆಂಗಸರು ಕೆಳಗಿನ ತೋಡಿನ (ಸಣ್ಣ ಹಳ್ಳದ) ಬದಿಯಿಂದ ಕೊಡದಲ್ಲಿ ನೀರು ಹೊತ್ತರು. ಆ ವರದಿ ತಯಾರಿಸಿದವನು ನಾನೇ. ಆ ‘ಪೂರ್ಣ’ ಎಂಬ ಒಂದು ಪದ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಹಾಗಾಗಿ ನಿಮ್ಮ ಪುಸ್ತಕದಲ್ಲಿ ಪ್ರತಿ ಕೆಲಸಕ್ಕೂ ಮೂರು ವಿಷಯ ಬರೆಯಿರಿ. ತೀರ್ಮಾನ ಆದದ್ದು ಯಾವಾಗ, ಕಟ್ಟಿ ಮುಗಿದದ್ದು ಯಾವಾಗ, ಈಗ ನಡೆಯುತ್ತಿದೆಯಾ. ಮೂರನೆಯದಕ್ಕೆ ಕಚೇರಿಯ ಕಾಗದ ನೋಡಿದರೆ ಆಗುವುದಿಲ್ಲ, ಬೈಕ್ ಹತ್ತಿ ಹೋಗಿ ನೋಡಬೇಕು. ದಾರಿದೀಪ ರಾತ್ರಿ ಎಂಟಕ್ಕೆ ಉರಿಯುತ್ತಿದೆಯಾ? ಅಂಗನವಾಡಿಯ ನಲ್ಲಿಯಲ್ಲಿ ನೀರು ಬರುತ್ತದಾ? ಕುಟುಂಬ ಆರೋಗ್ಯ ಕೇಂದ್ರದ ಓಪಿ ಸಂಜೆ ಆರರವರೆಗೆ ಇರಬೇಕು. ಮಧ್ಯಾಹ್ನದ ಮೇಲೆ ಡಾಕ್ಟರ್ ಸಿಕ್ಕಿದರಾ ಎಂದು ಅಲ್ಲಿಗೆ ಹೋದ ಹತ್ತು ಮಂದಿಯನ್ನು ಕೇಳಿ.

ಶಾಲೆಗೂ ಹೋಗಿ. ನಮ್ಮಲ್ಲಿ ಮಕ್ಕಳ ತಲೆ ಎಣಿಸುವುದು ಶಾಲೆ ಶುರುವಾದ ಆರನೇ ಕೆಲಸದ ದಿನ. ಕನ್ನಡ ಮಾಧ್ಯಮದ ಒಂದನೇ ತರಗತಿಗೆ ಕಳೆದ ಐದು ವರ್ಷ ಎಷ್ಟೆಷ್ಟು ಮಕ್ಕಳು ಸೇರಿದರು ಎಂದು ಮಾಷ್ಟ್ರಲ್ಲಿ ಕೇಳಿ ಬರೆದುಕೊಳ್ಳಿ. ಆ ಐದು ಅಂಕೆಗಳಿಗೆ ಪುಸ್ತಕದಲ್ಲಿ ಒಂದು ಪೂರ್ತಿ ಪುಟ ಕೊಟ್ಟರೂ ಜಾಸ್ತಿ ಆಗಲಿಕ್ಕಿಲ್ಲ.

ಪ್ರಶ್ನೆ: ಹೈವೇ ಅಗಲ ಆದ ಮೇಲೆ ಪೇಟೆಯೇ ಬದಲಾಗಿದೆ. ಕೆಲವರು ವ್ಯಾಪಾರ ಬಿದ್ದಿದೆ ಅನ್ನುತ್ತಾರೆ, ಕೆಲವರು ಬೆಳೆದಿದೆ ಅನ್ನುತ್ತಾರೆ. ಯಾವುದನ್ನು ನಂಬಬೇಕು? (ಉಪ್ಪಳದ ಅಂಗಡಿ ಮಾಲೀಕರು)

ಇಬ್ಬರೂ ತಮ್ಮ ಅಂಗಡಿಯ ಬಾಗಿಲಿನಿಂದ ಕಂಡದ್ದನ್ನೇ ಹೇಳುತ್ತಿದ್ದಾರೆ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಆರು ಪಥ ಆದಾಗ ಪೇಟೆಗಳ ನಡುವೆ ಗೋಡೆ ಎದ್ದಂತಾಯಿತು. ಮೊದಲು ರಸ್ತೆ ದಾಟಿ ಬರುತ್ತಿದ್ದ ಗಿರಾಕಿ ಈಗ ಅಂಡರ್‌ಪಾಸ್ ಹುಡುಕಬೇಕು. ಸರ್ವಿಸ್ ರೋಡಿನಲ್ಲಿ ಬಸ್ಸು ನಿಲ್ಲುವ ಕಡೆಯ ಅಂಗಡಿಗೆ ಲಾಭ ಆಯಿತು, ಬಸ್ಸು ನಿಲ್ಲದ ಕಡೆಯವರಿಗೆ ನಷ್ಟ. ಅದರ ಮೇಲೆ ಮಂಗಳೂರು ಇನ್ನೂ ಹತ್ತಿರ ಆಯಿತು. ಮದುವೆ ಜವಳಿಗೆ, ಚಿನ್ನಕ್ಕೆ, ಆಸ್ಪತ್ರೆಗೆ ಮಂಗಳೂರಿಗೆ ಹೋಗುವುದು ನಮಗೆ ಹಳೇ ರೂಢಿ. 2020ರಲ್ಲಿ ಗಡಿ ಮುಚ್ಚಿದಾಗ ಅದಿಲ್ಲದೆ ನಾವು ಎಷ್ಟು ಒದ್ದಾಡಿದೆವು ಎಂದು ಎಲ್ಲರಿಗೂ ನೆನಪಿದೆ, ಅಲ್ವಾ?

ಲೆಕ್ಕ ಬೇಕಿದ್ದರೆ ಎರಡು ದಾರಿ ಹೇಳುತ್ತೇನೆ. ಒಂದು, ಪಂಚಾಯತಿನ ಲೈಸೆನ್ಸ್. ವ್ಯಾಪಾರದ ಲೈಸೆನ್ಸ್ ಅವಧಿ ಮುಗಿದಾಗ ನವೀಕರಿಸಬೇಕು. ಎಷ್ಟು ಮಂದಿ ನವೀಕರಿಸಿದರು, ಎಷ್ಟು ಹೊಸತು, ಎಷ್ಟು ಬಿಟ್ಟುಹೋಯಿತು ಎಂದು ಬೇರೆ ಬೇರೆಯಾಗಿ ಕೇಳಿ. ಒಟ್ಟು ಸಂಖ್ಯೆ ಮಾತ್ರ ಕೇಳಿದರೆ ಮೋಸ ಹೋಗುತ್ತೀರಿ. ಇಪ್ಪತ್ತು ಅಂಗಡಿ ಮುಚ್ಚಿ ಇಪ್ಪತ್ತು ತೆರೆದರೂ ಒಟ್ಟು ಹಾಗೇ ಕಾಣುತ್ತದೆ. ಎರಡು, ನೀವೇ ನಡೆದು ಎಣಿಸುವುದು. ವರ್ತಕರ ನಾಲ್ಕು ಮಂದಿ ಸೇರಿ ಪೇಟೆಯ ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಿರಿ. ತೆರೆದ ಶಟರ್ ಎಷ್ಟು, ಮುಚ್ಚಿದ್ದು ಎಷ್ಟು, ‘ಬಾಡಿಗೆಗಿದೆ’ ಬೋರ್ಡು ಎಷ್ಟು. ಪ್ರತಿ ವರ್ಷ ಅದೇ ತಿಂಗಳು ಅದೇ ವಾರ ಎಣಿಸಿ.

ತಿಂಗಳು ಆರಿಸುವಾಗ ಮಾತ್ರ ಜಾಗ್ರತೆ. ಈದ್, ಓಣಂ, ದೀಪಾವಳಿ ಹತ್ತಿರ ಬಂದಾಗ ಯಾವ ಪೇಟೆಯೂ ಚೆನ್ನಾಗಿಯೇ ಕಾಣುತ್ತದೆ. ಆಟಿ ತಿಂಗಳ (ಆಷಾಢದ) ಮಳೆಯಲ್ಲಿ ಯಾವ ಪೇಟೆಯೂ ಸತ್ತ ಹಾಗಿರುತ್ತದೆ. ಅಂಗಳದಲ್ಲಿ ಒಣಗಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೋ ಮಂಡಿಗೋ ಹೋಗಿ ದುಡ್ಡಾಗುವ ಹೊತ್ತಿಗೆ ಪೆರ್ಲ, ಬದಿಯಡ್ಕದ ಬಟ್ಟೆ ಅಂಗಡಿಯಲ್ಲೂ ಗಲ್ಲಾಪೆಟ್ಟಿಗೆ ಸದ್ದು ಮಾಡುತ್ತದೆ. ಉಪ್ಪಳದಲ್ಲಿ ಅದರ ಜೊತೆಗೆ ಗಲ್ಫಿನ ದುಡ್ಡೂ ಇದೆ. ಹಾಗಾಗಿ ಹಬ್ಬವೂ ಇಲ್ಲದ, ಜೋರು ಮಳೆಯೂ ಇಲ್ಲದ ಒಂದು ಸಾಮಾನ್ಯ ಬುಧವಾರ ಆರಿಸಿ.

ಪ್ರಶ್ನೆ: ನನಗೆ ವಯಸ್ಸು 74. ಕನ್ನಡ ಬಿಟ್ಟು ಬೇರೆ ಓದಲು ಬಾರದು. ಪಂಚಾಯತಿನ ವರದಿ, ನೋಟೀಸು ಎಲ್ಲ ಮಲಯಾಳದಲ್ಲಿ ಬರುತ್ತದೆ. ಊರಿನ ಪ್ರಗತಿ ನನಗೆ ಗೊತ್ತಾಗುವುದು ಹೇಗೆ? (ಪೆರ್ಲದ ಹಿರಿಯರು)

ಅಜ್ಜಾ, ನಿಮ್ಮ ಪ್ರಶ್ನೆ ಓದಿ ಮನಸ್ಸು ಭಾರವಾಯಿತು. 1956ರ ನವೆಂಬರ್ 1ಕ್ಕೆ ಕೇರಳ ರಾಜ್ಯ ಆದಾಗ ನಮ್ಮ ನೆಲ ಅಲ್ಲಿಗೆ ಸೇರಿತು. ಮನೆಮಾತು ಮಾತ್ರ ಹಾಗೇ ಉಳಿಯಿತು. ಇದು ಕಾನೂನಿಗೂ ಗೊತ್ತಿರುವ ವಿಷಯ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಹಕ್ಕು ಇಟ್ಟಿದ್ದಾರೆ. ಸರಕಾರದ ಜೊತೆ, ಅವರ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ಅವರು ತಮ್ಮ ಭಾಷೆಯಲ್ಲೇ ಪತ್ರ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿಯೂ ದೂರು ಕೊಡುವವನಿಗೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡುವ ಹಕ್ಕು ಕೊಟ್ಟಿದೆ.

ಹಾಗಾಗಿ ಒಂದು ಬಿಳಿ ಕಾಗದದಲ್ಲಿ ಕನ್ನಡದಲ್ಲೇ ಬರೆಯಿರಿ: “ನಮ್ಮ ವಾರ್ಡಿನ ಗ್ರಾಮಸಭೆಯಲ್ಲಿ ಇಡುವ ವರದಿಯನ್ನು ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ.” ಎರಡು ಪ್ರತಿ ಮಾಡಿ. ಒಂದು ಕೊಟ್ಟು, ಇನ್ನೊಂದರಲ್ಲಿ ಸೀಲು ಹಾಕಿಸಿಕೊಂಡು ಬನ್ನಿ. ಉತ್ತರ ಬಾರದಿದ್ದರೆ ಆ ಸೀಲು ಬಿದ್ದ ಪ್ರತಿಯ ಜೊತೆ ಜಿಲ್ಲಾಧಿಕಾರಿಗೆ ಬರೆಯಿರಿ. ಜಿಲ್ಲಾ ಮಟ್ಟದಲ್ಲಿ ಭಾಷಾ ಅಲ್ಪಸಂಖ್ಯಾತರ ಸಮಿತಿ ಇದೆ, ಅವರ ಮುಂದೆ ಇಡಲು ಕೇಳಿಕೊಳ್ಳಿ. ಕೌಂಟರಿನಲ್ಲಿ ಕೂತವರ ಮೇಲೆ ಸಿಟ್ಟಾಗಬೇಡಿ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರಿಗೆ ಕನ್ನಡ ಅಕ್ಷರವೇ ಗೊತ್ತಿರುವುದಿಲ್ಲ. ಕನ್ನಡ ಬಲ್ಲವರನ್ನು ಅಲ್ಲಿ ಕೂರಿಸಬೇಕಾದ್ದು ಮೇಲಿನವರ ಜವಾಬ್ದಾರಿ.

2025ರ ಏಪ್ರಿಲ್‌ನಿಂದ ಪಂಚಾಯತುಗಳಿಗೂ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದೆ. ಜನನ ಮರಣ ಪತ್ರ, ಲೈಸೆನ್ಸ್, ಮನೆ ಕಟ್ಟುವ ಪರವಾನಗಿ ಎಲ್ಲ ಮೊಬೈಲಿನಲ್ಲೇ ಆಗುತ್ತದೆ. ಇದು ಒಳ್ಳೆಯ ಬದಲಾವಣೆ, ಸುಮ್ನೆ ಕಚೇರಿಗೆ ಅಲೆಯುವುದು ಕಡಿಮೆ ಆಗಿದೆ. ಆದರೆ ಹತ್ತು ನಿಮಿಷದಲ್ಲಿ ಸಿಗುವ ಪತ್ರಕ್ಕೆ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಓದಿ ಹೇಳುವವರಿಗಾಗಿ ನೀವು ಅರ್ಧ ದಿನ ಕಾಯಬೇಕಾದರೆ, ಸೇವೆ ಬೇಗ ಆಯಿತು ಎಂದು ನಾನಂತೂ ಬರೆಯಲಾರೆ. ಮೊದಲ ಪ್ರಶ್ನೆ ಕೇಳಿದ ಯುವಕರೂ ಇದನ್ನು ಗಮನಿಸಲಿ. ಅವರ ಪುಸ್ತಕದಲ್ಲಿ ‘ಕನ್ನಡದಲ್ಲಿ ಸಿಕ್ಕಿದ ಸೇವೆಗಳು’ ಎಂಬ ಪುಟವೂ ಇರಲಿ.

ಪ್ರಶ್ನೆ: ನಮ್ಮ ವಾರ್ಡಿನ ಗ್ರಾಮಸಭೆಗೆ ಬರುವವರೆಲ್ಲ ಕುಟುಂಬಶ್ರೀ ಮಹಿಳಾ ಸಂಘದವರೇ. ಸಹಿ ಹಾಕಿ, ಚಾ ಕುಡಿದು ಬರುತ್ತೇವೆ. ನಾವು ಹೋಗಿ ಏನು ಪ್ರಯೋಜನ? (ಕುಂಬಳೆಯ ಗೃಹಿಣಿ)

ಅಕ್ಕಾ, ನೀವು ಹೋಗದಿದ್ದರೆ ಸಭೆಯೇ ನಡೆಯುವುದಿಲ್ಲ. ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಇಲ್ಲದಿದ್ದರೆ ಕೋರಂ ಇಲ್ಲ. ಆ ಹತ್ತನ್ನು ತುಂಬಿಸುತ್ತಿರುವವರು ನೀವು. ಮೂರು ತಿಂಗಳಿಗೊಮ್ಮೆಯಾದರೂ ಸಭೆ ಕರೆಯಬೇಕು, ಕರೆಯಬೇಕಾದವರು ವಾರ್ಡ್ ಮೆಂಬರ್. ಸತತ ಎರಡು ಸಲ ಕರೆಯದಿದ್ದರೆ ಅವರ ಸದಸ್ಯತ್ವಕ್ಕೇ ಕುತ್ತು. ಹತ್ತರಲ್ಲಿ ಒಂದು ಪಾಲು ಮತದಾರರು ಬರೆದು ಕೇಳಿದರೆ 15 ದಿನದೊಳಗೆ ವಿಶೇಷ ಸಭೆ ಕರೆಯಬೇಕು. ಎರಡು ಸಾಮಾನ್ಯ ಸಭೆಗಳ ನಡುವೆ ಒಮ್ಮೆ ಮಾತ್ರ ಹಾಗೆ ಕೇಳಬಹುದು.

ಇಷ್ಟು ಶಕ್ತಿ ಕೈಯಲ್ಲಿದ್ದೂ ಬರೀ ಸಹಿ ಹಾಕಿ ಬರುತ್ತೀರಿ ಎಂಬುದು ನನಗೆ ಬೇಜಾರು. ಮುಂದಿನ ಸಲ ನಿಮ್ಮ ಅಯಲ್‌ಕೂಟದಲ್ಲಿ (ಕುಟುಂಬಶ್ರೀಯ ನೆರೆಕರೆ ಗುಂಪಿನಲ್ಲಿ) ಮೊದಲೇ ಕೂತು ಒಂದೇ ಒಂದು ಪ್ರಶ್ನೆ ಆರಿಸಿ. “ಕಳೆದ ಸಲ ತೀರ್ಮಾನಿಸಿದ ಕಾಲುಸಂಕ ಎಲ್ಲಿಗೆ ಬಂತು?” ಎಂಬಂಥದ್ದು. ಒಬ್ಬರು ಎದ್ದು ಕೇಳಿ, ಉಳಿದವರು ಉತ್ತರ ಬರುವವರೆಗೆ ಕೂತಿರಿ. ಮಿನಿಟ್ಸ್ ಬರೆಯಲು ಪಂಚಾಯತಿನಿಂದ ಒಬ್ಬ ಅಧಿಕಾರಿ ಬಂದಿರುತ್ತಾರೆ. ನಿಮ್ಮ ಪ್ರಶ್ನೆ, ಅದಕ್ಕೆ ಕೊಟ್ಟ ಉತ್ತರ ಎರಡನ್ನೂ ಬರೆಸಿ, ಓದಿ ಹೇಳಲು ಕೇಳಿ. ಚಾ ಅದರ ನಂತರ ಕುಡಿಯಿರಿ.

ಪ್ರಶ್ನೆ: ಮನೆ ಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹರಿತಕರ್ಮ ಸೇನೆಗೆ ತಿಂಗಳಿಗೆ 50 ರೂಪಾಯಿ ಕೊಡಲೇಬೇಕಾ? (ಮಧೂರಿನ ಓದುಗರು)

ಕೊಡಲೇಬೇಕು. ಬಾಕಿ ಇಟ್ಟರೆ ಕಟ್ಟಡ ತೆರಿಗೆಯ ಜೊತೆ ವಸೂಲು ಮಾಡುವ ಹಾಗೆ ಕಾನೂನು ಬದಲಾಗಿದೆ. ಅದು ಬಿಡಿ, ನಿಮ್ಮ ಮನೆಯ ಪ್ಲಾಸ್ಟಿಕ್ಕನ್ನು ಚೀಲದಲ್ಲಿ ಹೊತ್ತು ಗುಡ್ಡೆ ಇಳಿಯುವ ಆ ಹೆಂಗಸರನ್ನು ಒಮ್ಮೆ ನೋಡಿ. ಪ್ಲಾಸ್ಟಿಕ್ ತೊಳೆದು, ಒಣಗಿಸಿ ಕೊಡಿ. ಒಂದು ಲೋಟ ನೀರೂ ಕೊಡಿ.

ಪ್ರಶ್ನೆ: ರಸ್ತೆ, ನೀರು, ಅಂಗಡಿ ಎಣಿಸಬಹುದು. ಊರಿನವರ ಒಗ್ಗಟ್ಟನ್ನು ಎಣಿಸುವುದು ಹೇಗೆ? (ಕುಂಬ್ಡಾಜೆಯ ಕೃಷಿಕರು)

ಜಾತ್ರೆ, ಉರೂಸು, ಕೋಲ, ಯಕ್ಷಗಾನ ಎಷ್ಟು ಆಯಿತು ಎಂದು ಎಣಿಸುವವರಿದ್ದಾರೆ. ಅವು ಬೇಕು, ಆದರೆ ದುಡ್ಡಿದ್ದರೆ ಆಟ ಆಡಿಸಬಹುದು. ವಾಚನಾಲಯ ಅದಕ್ಕಿಂತ ಸ್ವಲ್ಪ ಒಳಗಿನ ಸುದ್ದಿ ಹೇಳುತ್ತದೆ. ನಾವು ಕಟ್ಟುವ ಕಟ್ಟಡ ತೆರಿಗೆಯ ಮೇಲೆ ನೂರಕ್ಕೆ ಐದು ರೂಪಾಯಿ ಗ್ರಂಥಾಲಯ ಸೆಸ್ ಇದೆ. ಅಂದರೆ ಊರಿನ ವಾಚನಾಲಯದಲ್ಲಿ ನಮ್ಮ ದುಡ್ಡೂ ಇದೆ. ವರ್ಷದಲ್ಲಿ ಎಷ್ಟು ಪುಸ್ತಕ ಮನೆಗೆ ಹೋಗಿ ವಾಪಸ್ ಬಂತು ಎಂದು ರಿಜಿಸ್ಟರ್ ನೋಡಿ.

ಆದರೆ ನೀವು ಕುಂಬ್ಡಾಜೆಯವರು, ನಿಮ್ಮ ಪಂಚಾಯತಿನಲ್ಲೇ ಏತಡ್ಕ ಇದೆ. ಮಳೆ ನಿಂತು ತೋಡಿನ ಹರಿವು ಸಣ್ಣದಾಗುತ್ತಿದ್ದಂತೆ ಅಲ್ಲಿನವರು ಕಲ್ಲು, ಮಣ್ಣು ಹಾಕಿ ಸಾಲಾಗಿ ಕಟ್ಟ (ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು) ಹಾಕುತ್ತಾರೆ. ಕಟ್ಟ ಒಬ್ಬನ ಕೈಯಲ್ಲಿ ಆಗುವ ಕೆಲಸ ಅಲ್ಲ. ಮೇಲಿನ ತೋಟದವನು, ಕೆಳಗಿನ ತೋಟದವನು, ಆಚೆ ದಡದವನು ಮೂವರೂ ಒಪ್ಪಬೇಕು. ಖರ್ಚು ಹಂಚಿಕೊಳ್ಳಬೇಕು. ಮುಂದಿನ ಮಳೆಗೆ ಕಟ್ಟ ಕೊಚ್ಚಿಹೋಗುತ್ತದೆ, ವರ್ಷ ವರ್ಷವೂ ಮತ್ತೆ ಕಟ್ಟಬೇಕು. ಕಟ್ಟ ಹಾಕಿದ ಕಡೆ ಬಾವಿಯಲ್ಲಿ, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಲ್ಲಿ ನೀರು ಏರುತ್ತದೆ. ಕಟ್ಟಕ್ಕೆ ದುಡ್ಡು ಕೊಡದವನ ಬಾವಿಯಲ್ಲೂ ಏರುತ್ತದೆ. ಅದು ಗೊತ್ತಿದ್ದೂ ಕಟ್ಟುತ್ತಾರಲ್ಲ, ಅದನ್ನು ನೋಡಿದರೆ ನನಗೆ ಗೌರವ ಬರುತ್ತದೆ.

ಬೋರ್‌ವೆಲ್ ಬಂದ ಮೇಲೆ ಎಷ್ಟೋ ತೋಡುಗಳಲ್ಲಿ ಕಟ್ಟ ನಿಂತುಹೋಯಿತು. ಪ್ರತಿಯೊಬ್ಬನಿಗೂ ಅವನವನ ಪಂಪು, ಪಕ್ಕದವನ ಜೊತೆ ಮಾತಾಡುವ ಅಗತ್ಯವೇ ಇಲ್ಲದಾಯಿತು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಕಟ್ಟ ಎಣಿಸಿ ಎಂಬುದೇ. ಒಂದು ನೋಟ್‌ಬುಕ್ ತೆಗೆದುಕೊಂಡು ನಾಲ್ಕು ಗೆರೆ ಎಳೆಯಿರಿ. ತೋಡಿನ ಹೆಸರು, ಕಟ್ಟ ಹಾಕಿದ ದಿನ, ಬಂದು ಕೈ ಸೇರಿಸಿದ ಮನೆಗಳು, ನೀರು ನಿಂತಿದ್ದ ಕೊನೆಯ ದಿನ. ಹಿಂದೆ ಕಟ್ಟ ಇದ್ದು ಈಗ ಇಲ್ಲದ ತೋಡುಗಳ ಹೆಸರನ್ನೂ ಹಿರಿಯರಲ್ಲಿ ಕೇಳಿ ಬರೆದಿಡಿ. ಮುಂದಿನ ನವೆಂಬರಿನಲ್ಲಿ ಆ ಪಟ್ಟಿಯ ಒಂದು ತೋಡಿನ ಎರಡೂ ದಡದವರನ್ನು ಒಂದು ಸಂಜೆ ನಿಮ್ಮ ಅಂಗಳಕ್ಕೆ ಕರೆಯಿರಿ. ಗಲಾಟೆ ಆದರೂ ಆಗಲಿ, ಕರೆಯಿರಿ.