ಷೇರು ಏರಿದೆ, ಮಾರಲಾ ಕಾಯಲಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ನಾನು ಶಿವಮೊಗ್ಗದಲ್ಲಿ ನೌಕರಿ ಮಾಡುತ್ತೇನೆ, ಸಂಬಳಕ್ಕೆ ತೆರಿಗೆಯೂ ಇದೆ. ಎಂಟು ತಿಂಗಳ ಹಿಂದೆ ಒಂದು ಸಣ್ಣ ಕಂಪನಿಯ 200 ಷೇರುಗಳನ್ನು 150 ರೂಪಾಯಿಯಂತೆ ಕೊಂಡೆ. ಈಗ 420 ಆಗಿದೆ. ವಾರದಲ್ಲಿ ಎರಡು ಮೂರು ದಿನ ಶೇ 5ರ ಅಪ್ಪರ್ ಸರ್ಕ್ಯೂಟ್, ಅಂದರೆ ಒಂದು ದಿನದಲ್ಲಿ ಏರಬಹುದಾದ ಮಿತಿಯನ್ನೇ ಮುಟ್ಟುತ್ತಿದೆ. ಅಪ್ಪ ‘ಮಾರಿಬಿಡು’ ಅಂತಾರೆ. ಗೆಳೆಯರು ‘ವರ್ಷ ತುಂಬಲಿ, ತೆರಿಗೆ ಉಳಿಯುತ್ತೆ’ ಅಂತಾರೆ. ಏನು ಮಾಡಲಿ?

ಉತ್ತರ: ಗೆಳೆಯರು ಹೇಳಿದ್ದು ಸುಳ್ಳಲ್ಲ. ವರ್ಷ ತುಂಬುವ ಮೊದಲು ಮಾರಿದರೆ ಲಾಭಕ್ಕೆ ಶೇ 20 ತೆರಿಗೆ. ನಿಮ್ಮ ಲಾಭ 54,000, ತೆರಿಗೆ 10,800, ಅದರ ಮೇಲೆ ಸೆಸ್. ವರ್ಷ ದಾಟಿದ ಮೇಲೆ ಮಾರಿದರೆ, ಆ ಹಣಕಾಸು ವರ್ಷದಲ್ಲಿ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆಯೇ ಇಲ್ಲ. ಕೇಳೋಕೆ ಚೆನ್ನಾಗಿದೆ, ಅಲ್ವಾ?

ಆದರೆ ಆ 10,800 ಅಂದರೆ ಷೇರಿಗೆ ಬರೀ 54 ರೂಪಾಯಿ. ಬೆಲೆ 366ಕ್ಕೆ ಇಳಿದರೆ ನಾಲ್ಕು ತಿಂಗಳು ಸುಮ್ನೆ ಕಾದ ಹಾಗೆ. ಮೂರು ದಿನ ಸತತ ಲೋವರ್ ಸರ್ಕ್ಯೂಟ್ ಬಿದ್ದರೆ, ಅಂದರೆ ದಿನಕ್ಕೆ ಇಳಿಯಬಹುದಾದ ಶೇ 5ರ ಮಿತಿ ಮುಟ್ಟಿದರೆ ಸಾಕು, 420 ಇದ್ದದ್ದು 360ಕ್ಕೆ ಬರುತ್ತದೆ. ‘ಸ್ಟಾಪ್‌ಲಾಸ್ ಹಾಕಿದ್ದೇನೆ, ಇಂತಿಷ್ಟಕ್ಕೆ ಇಳಿದರೆ ತಾನೇ ಮಾರಾಟವಾಗುತ್ತದೆ’ ಎಂದು ನಿಶ್ಚಿಂತೆಯಿಂದ ಇರಬೇಡಿ. ಲೋವರ್ ಸರ್ಕ್ಯೂಟ್‌ನಲ್ಲಿ ಕೊಳ್ಳುವವರೇ ಇರುವುದಿಲ್ಲ, ನಿಮ್ಮ ಆರ್ಡರ್ ಹಾಗೇ ಕೂತಿರುತ್ತದೆ.

ನಿಮ್ಮ ಮನೆಯಲ್ಲಿ ಇಡೀ ವರ್ಷದ ಅಡಿಕೆಯನ್ನು ಒಂದೇ ದಿನ ಮಂಡಿಗೆ ಹಾಕುತ್ತೀರಾ? ಕೊನೆ ತೆಗೆದವರ ಕೂಲಿಗೆ, ಸೊಸೈಟಿ ಸಾಲಕ್ಕೆ ಬೇಕಾದಷ್ಟು ಮಾರಿ, ಉಳಿದದ್ದನ್ನು ಧಾರಣೆ ನೋಡಿಕೊಂಡು ಬಿಡುತ್ತೀರಿ. ಇಲ್ಲೂ ಹಾಗೇ ಮಾಡಿ. ಈಗ 85 ಷೇರು ಮಾರಿದರೆ ತೆರಿಗೆ, ಸೆಸ್ ಎಲ್ಲ ಕಳೆದು ನೀವು ಹಾಕಿದ 30,000 ಕೈಗೆ ಬರುತ್ತದೆ. ಉಳಿದ 115 ಷೇರಿಗೆ ಬೇಕಾದರೆ ವರ್ಷ ತುಂಬುವವರೆಗೆ ಕಾಯಿರಿ.

ಅದೂ ಒಂದು ಷರತ್ತಿನ ಮೇಲೆ. ಕಂಪನಿಯ ಹೋದ ತ್ರೈಮಾಸಿಕದ ಫಲಿತಾಂಶ ತೆಗೆದು ನೋಡಿ. ಲಾಭ ಹೆಚ್ಚಿದ್ದಕ್ಕೆ ಬೆಲೆ ಏರಿದ್ದರೆ ಸರಿ. ಫಲಿತಾಂಶ ಹಾಗೇ ಇದ್ದು ಬೆಲೆ ಮಾತ್ರ ಹಾರುತ್ತಿದ್ದರೆ, ಅಥವಾ ಎಕ್ಸ್‌ಚೇಂಜ್ ಅದನ್ನು ತನ್ನ ನಿಗಾ ಪಟ್ಟಿಗೆ, ಅಂದರೆ ಎಎಸ್‌ಎಂಗೆ ಹಾಕಿದ್ದರೆ, ನಾನಂತೂ ನಿಮ್ಮ ಅಪ್ಪನ ಕಡೆ. ತೆರಿಗೆ ಕಟ್ಟಿ ಪೂರ್ತಿ ಹೊರಗೆ ಬನ್ನಿ.

ಮಾರುವುದಾದರೆ ಅಪ್ಪರ್ ಸರ್ಕ್ಯೂಟ್ ಇರುವ ದಿನವೇ ಮಾರಿ. ಅವತ್ತು ಕೊಳ್ಳುವವರು ಸಾಲುಗಟ್ಟಿ ನಿಂತಿರುತ್ತಾರೆ.