ತಂದೆತಾಯಿ ಧರ್ಮದ ಕಾರಣಕ್ಕೆ ಮಗುವಿಗೆ ರಕ್ತ ಬೇಡ ಅಂದರೆ, ಅಮೆರಿಕದಲ್ಲಿ ಯಾರ ಮಾತು ನಡೆಯುತ್ತದೆ?

ಮಗುವಿನ ಜೀವಕ್ಕೆ ಅಪಾಯ ಇದ್ದರೆ ಕೋರ್ಟಿನ ಮಾತೇ ನಡೆಯುತ್ತದೆ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು ರಕ್ತ ಹಾಕಿಸಿಕೊಳ್ಳುವುದಿಲ್ಲ. ದೊಡ್ಡವರು ತಮಗೆ ಬೇಡ ಅಂದರೆ ವೈದ್ಯರು ಸಾಮಾನ್ಯವಾಗಿ ಒಪ್ಪಲೇಬೇಕು, ಪ್ರಾಣ ಹೋಗುವಂತಿದ್ದರೂ. ಮಗುವಿನ ಪರವಾಗಿ ಹಾಗೆ ಹೇಳುವಂತಿಲ್ಲ.

ಯಾಕೆಂದರೆ ಧರ್ಮದ ಆಯ್ಕೆ ಅವರವರದು. ತೊಟ್ಟಿಲಲ್ಲಿರುವ ಕೂಸು ಇನ್ನೂ ಯಾವ ನಂಬಿಕೆಯನ್ನೂ ಆರಿಸಿಕೊಂಡಿಲ್ಲ ಅಲ್ವಾ? ಆರಿಸಿಕೊಳ್ಳುವ ವಯಸ್ಸಿಗೆ ಬರಬೇಕಾದರೆ ಅದು ಮೊದಲು ಬದುಕಬೇಕು. 1944ರಲ್ಲಿ ಪ್ರಿನ್ಸ್ ಎಂಬುವರ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ತಂದೆತಾಯಿ ತಾವು ಹುತಾತ್ಮರಾಗಬಹುದು, ಮಕ್ಕಳನ್ನು ಹುತಾತ್ಮರನ್ನಾಗಿ ಮಾಡುವಂತಿಲ್ಲ. ಆ ಕೇಸು ಬೀದಿಯಲ್ಲಿ ಧಾರ್ಮಿಕ ಪತ್ರಿಕೆ ಹಂಚುತ್ತಿದ್ದ ಹುಡುಗಿಯೊಬ್ಬಳದು. ಆದರೆ ಚಿಕಿತ್ಸೆಯ ಕೇಸುಗಳಲ್ಲೂ ಈಗ ಅದೇ ಮಾತು ಆಧಾರ.

ಹುಟ್ಟಿದ ಎರಡೇ ದಿನಕ್ಕೆ ಕಾಮಾಲೆ ಏರಿ, ಕಣ್ಣಿನ ಬಿಳಿಯೂ ಹಳದಿಯಾದ ಕೂಸನ್ನು ನೆನೆಸಿಕೊಳ್ಳಿ. ಕಾಮಾಲೆ ತೀರಾ ಜಾಸ್ತಿಯಾದರೆ ಮೈಯ ರಕ್ತವನ್ನೇ ಬದಲಿಸಬೇಕಾಗುತ್ತದೆ. ತಡವಾದರೆ ಮೆದುಳಿಗೆ ಪೆಟ್ಟು. ಆಗ ಆಸ್ಪತ್ರೆಯವರು ನ್ಯಾಯಾಧೀಶರ ಆದೇಶ ಪಡೆಯುತ್ತಾರೆ. ಹೆಚ್ಚಿನ ಸಲ ಆ ಆದೇಶ ಚಿಕಿತ್ಸೆಗೆ ಮಾತ್ರ. ವಾಸಿಯಾದ ಮಗು ಅಮ್ಮನ ಮಡಿಲಿಗೇ ಮರಳುತ್ತದೆ. ಈ ಮಿತಿ ಇರಲೇಬೇಕು ಅನ್ನಿಸುತ್ತದೆ ನನಗೆ. ಆ ತಂದೆತಾಯಿಗೂ ಮಗುವಿನ ಮೇಲೆ ಪ್ರೀತಿ ಇದೆ.

ಕಾಯಿಲೆಗೆ ಪ್ರಾರ್ಥನೆಯನ್ನಷ್ಟೇ ನಂಬುವ ಪೋಷಕರಿಗೆ ಕೆಲವು ರಾಜ್ಯಗಳ ಕಾನೂನಿನಲ್ಲಿ ರಿಯಾಯಿತಿ ಇದೆ. ಆರಿಗನ್ ರಾಜ್ಯ 2011ರಲ್ಲಿ ಅದನ್ನು ತೆಗೆದುಹಾಕಿತು. ಪಕ್ಕದ ಐಡಾಹೋದಲ್ಲಿ ಇನ್ನೂ ಉಳಿದಿದೆ.