ಶ್ರಾವಣ ಮಾಸ ಪೂರ್ತಿ ಕುಡಿತ ಬಿಡೋದಕ್ಕೆ ಅರ್ಥ ಇದೆಯಾ?

ದಿನಾ ಎರಡು ಪೆಗ್, ಬಿಪಿ ಸ್ವಲ್ಪ ಜಾಸ್ತಿ, ಶ್ರಾವಣದಲ್ಲಿ ಒಂದು ತಿಂಗಳು ಬಿಟ್ಟರೆ ಏನಾದರೂ ಪ್ರಯೋಜನ ಇದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ ಸರ್. ಲಂಡನ್ನಿನಲ್ಲಿ ತಿಂಗಳು ಕುಡಿಯದೇ ಇದ್ದ 94 ಜನರನ್ನು ಪರೀಕ್ಷಿಸಿದ್ದರು. 2018ರಲ್ಲಿ ಪ್ರಕಟವಾದ ವರದಿ ಪ್ರಕಾರ ಬಿಪಿ ಸರಾಸರಿ ಶೇ 6ರಷ್ಟು ಇಳಿದಿತ್ತು, ತೂಕವೂ ಸ್ವಲ್ಪ ಇಳಿದಿತ್ತು.

ನಾನೂ ಹೋದ ಶ್ರಾವಣದಲ್ಲಿ ಬಿಟ್ಟಿದ್ದೆ. ಮೊದಲ ವಾರ ಕಷ್ಟ. ರಾತ್ರಿ ಒಂಬತ್ತಾದರೆ ಕೈ ಲೋಟ ಹುಡುಕುತ್ತಿತ್ತು, ನಿಂಬೆ ಸೋಡಾ ಹಿಡಿದು ಕೂರುತ್ತಿದ್ದೆ. ಎರಡನೇ ವಾರದಿಂದ ಮಧ್ಯರಾತ್ರಿ ಮೂರಕ್ಕೆ ಎಚ್ಚರ ಆಗೋದು ನಿಂತಿತು. ಬೆಳಿಗ್ಗೆ ಎದೆಯುರಿಯೂ ಇಲ್ಲ.

ಆದರೆ ಬಿಟ್ಟ ಮೇಲೆ ಕೈ ನಡುಗಿದರೆ, ಬೆವರಿದರೆ ಸುಮ್ನೆ ಹಠ ಹಿಡಿಯಬೇಡಿ. ಜಾಸ್ತಿ ಅಭ್ಯಾಸ ಇದ್ದವರಿಗೆ ದಿಢೀರ್ ನಿಲ್ಲಿಸಿದರೆ ಫಿಟ್ಸ್ ಬರಬಹುದು. ತಕ್ಷಣ ಡಾಕ್ಟರಿಗೆ ತೋರಿಸಿ.